ರಕ್ತದ ಸಕ್ಕರೆಯ ಏರಿಳಿತ: ಅದನ್ನು ಅಳೆಯುವ ಬಗೆ

ಭೀಮಾ ನದಿಯ ದಂಡೆಯ ಜನರಿಗೆ ‘ಸರಾಸರಿ’ ಎಂಬ ಮಾತಿನ ಮಿತಿಯನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಬೇಸಿಗೆಯಲ್ಲಿ ಆ ನದಿಯ ಪಾತ್ರದಲ್ಲಿ ಮರಳು ಕಾಣುತ್ತದೆ. ಮಳೆಗಾಲದಲ್ಲಿ ಅದೇ ನದಿಯು ಹೊಲಗಳನ್ನು ನುಂಗುತ್ತದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಮಳೆಯ ನೀರೂ ಕೂಡಿ ಸೊನ್ನ ಬ್ಯಾರೇಜನ್ನು ದಾಟಿ ಬಂದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಊರುಗಳು ಜಲಾವೃತವಾದವು. ವರ್ಷವಿಡೀ ಹರಿದ ನೀರನ್ನೆಲ್ಲ ಕೂಡಿಸಿ 365ರಿಂದ ಭಾಗಿಸಿದರೆ ದಿನವೊಂದರ ಸರಾಸರಿ ಹರಿವು ದೊರೆಯುತ್ತದೆ. ಆ ಸಂಖ್ಯೆಯು ಸುಳ್ಳಲ್ಲ. ಆದರೆ ಪ್ರವಾಹವು ಯಾವ ರಾತ್ರಿ ಬಂತು, ಬಾವಿಯು ಯಾವ ತಿಂಗಳು ಬತ್ತಿತು ಎಂಬುದನ್ನು ಅದು ಹೇಳಲಾರದು. ಹಾನಿಯಾಗುವುದು ಸರಾಸರಿಯಿಂದಲ್ಲ, ಏರಿಳಿತದಿಂದ.

ಮಧುಮೇಹ ರೋಗಿಯ ರಕ್ತದಲ್ಲಿ ಹರಿಯುವ ಸಕ್ಕರೆಯ ವಿಷಯದಲ್ಲಿಯೂ ಈ ಮಾತು ಅಕ್ಷರಶಃ ಸತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ, ಎಂದರೆ ಸುಮಾರು 10 ಕೋಟಿ ಜನರಿಗೆ, ಈ ರೋಗವಿದೆ. ಇದು ಪಟ್ಟಣದ ಶ್ರೀಮಂತರ ರೋಗವೆಂದು ಹೇಳುತ್ತಿದ್ದ ಕಾಲವು ಕಳೆದುಹೋಗಿದೆ. ಜೋಳವನ್ನೂ ತೊಗರಿಯನ್ನೂ ಬೆಳೆಯುವ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕೊಳಕೂರದಂಥ ಹಳ್ಳಿಗಳಲ್ಲಿಯೂ ‘ಶುಗರ್’ ಎಂಬ ಮಾತು ಇಂದು ಮನೆಮಾತಾಗಿದೆ. ಆದುದರಿಂದ ರಕ್ತದ ಸಕ್ಕರೆಯ ಏರಿಳಿತವನ್ನು ಎಡೆಬಿಡದೆ ಅಳೆಯುವ ನೂತನ ಉಪಕರಣವು ಹೇಗೆ ಕೆಲಸ ಮಾಡುತ್ತದೆ, ಅದು ತೋರಿಸುವ ಸಂಖ್ಯೆಗಳ ಅರ್ಥವೇನು, ಅದರ ಮಿತಿಗಳಾವುವು ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರ ಮಾಡೋಣ.

ರಕ್ತದಲ್ಲಿರುವುದು ಒಂದು ಚಮಚ ಸಕ್ಕರೆ

ಆರೋಗ್ಯವಂತನೊಬ್ಬನ ರಕ್ತವನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷಿಸಿದರೆ 100 ಘನ ಸೆಂಟಿಮೀಟರ್ ರಕ್ತದಲ್ಲಿ 100 ಮಿಲಿಗ್ರಾಮಿಗಿಂತ ತುಸು ಕಡಿಮೆ ಗ್ಲೂಕೋಸ್ ಇರುತ್ತದೆ. ಪ್ರಯೋಗಶಾಲೆಯವರು ಇದನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ. ಇನ್ನು ಮುಂದೆ ನಾವು ಸಂಖ್ಯೆಯನ್ನಷ್ಟೇ ಹೇಳುತ್ತ ಹೋಗೋಣ.

ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ ಎಂದಿಟ್ಟುಕೊಂಡರೆ ಅದರಲ್ಲಿರುವ ಒಟ್ಟು ಗ್ಲೂಕೋಸು ಕೇವಲ 5 ಗ್ರಾಂ. ಅದು ಒಂದು ಚಿಕ್ಕ ಚಮಚದಷ್ಟು ಮಾತ್ರ. ಇನ್ನು ಊಟದ ಲೆಕ್ಕವನ್ನು ನೋಡೋಣ. 50 ಗ್ರಾಂ ಹಿಟ್ಟಿನಿಂದ ತಟ್ಟಿದ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಪಿಷ್ಟವಿರುತ್ತದೆ. ಈ ಪಿಷ್ಟವು ಜೀರ್ಣವಾಗಿ ಕೊನೆಗೆ ಗ್ಲೂಕೋಸೇ ಆಗುತ್ತದೆ. ಎರಡು ರೊಟ್ಟಿಯನ್ನು ಉಂಡವನ ರಕ್ತದೊಳಗೆ, ಅದರಲ್ಲಿ ಮೊದಲಿದ್ದ ಸಕ್ಕರೆಯ ಹದಿನಾಲ್ಕರಷ್ಟು ಹೊಸ ಸಕ್ಕರೆಯು ಎರಡು ಮೂರು ಗಂಟೆಗಳಲ್ಲಿ ಬಂದು ಸೇರಬೇಕಾಗುತ್ತದೆ. ಹಾಗಿದ್ದರೂ ಆರೋಗ್ಯವಂತನಲ್ಲಿ ಸಕ್ಕರೆಯ ಮಟ್ಟವು ದಿನದ ಬಹುಪಾಲು 70ರಿಂದ 140ರ ಮಧ್ಯದಲ್ಲಿಯೇ ನಿಲ್ಲುತ್ತದೆ.

ಈ ಪವಾಡವು ನಡೆಯುವುದು ಹೇಗೆ? ವಿದ್ಯುತ್ತಿನ ಇಸ್ತ್ರಿಪೆಟ್ಟಿಗೆಯನ್ನು ನೆನೆಸಿಕೊಳ್ಳಿರಿ. ಅದು ಕಾದು ನಿಗದಿಯಾದ ಉಷ್ಣತೆಯನ್ನು ಮುಟ್ಟಿದೊಡನೆ ಒಳಗಿನ ಲೋಹಪಟ್ಟಿಯು ಬಾಗಿ ವಿದ್ಯುತ್ತನ್ನು ಕಡಿದುಹಾಕುತ್ತದೆ; ಆರಿದೊಡನೆ ಮತ್ತೆ ಜೋಡಿಸುತ್ತದೆ. ದೇಹದಲ್ಲಿ ಆ ಲೋಹಪಟ್ಟಿಯ ಕೆಲಸವನ್ನು ಮಾಡುವುದು ಮೇದೋಜೀರಕ ಗ್ರಂಥಿ. ಸಕ್ಕರೆ ಏರಿದಾಗ ಅದು ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಆಗ ಸ್ನಾಯುಗಳೂ ಯಕೃತ್ತೂ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಸಕ್ಕರೆ ಇಳಿದಾಗ ಅದೇ ಗ್ರಂಥಿಯು ಗ್ಲೂಕಗಾನ್ ಎಂಬ ಇನ್ನೊಂದು ರಸವನ್ನು ಬಿಡುತ್ತದೆ. ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಹೊರಕ್ಕೆ ಹಾಕುತ್ತದೆ. ಫಲವನ್ನು ಕ್ಷಣಕ್ಷಣವೂ ಅಳೆದು ಕಾರಣವನ್ನು ತಿದ್ದುವ ಇಂಥ ಏರ್ಪಾಡು ಕೆಟ್ಟಾಗ ಮಧುಮೇಹವು ತಲೆದೋರುತ್ತದೆ. ಆಗ ವೈದ್ಯನು ಮಾತ್ರೆಯಿಂದಲೋ ಇನ್ಸುಲಿನ್ ಚುಚ್ಚುಮದ್ದಿನಿಂದಲೋ ಗ್ರಂಥಿಯ ಕೆಲಸವನ್ನು ಹೊರಗಿನಿಂದ ಮಾಡಿಸಬೇಕಾಗುತ್ತದೆ. ಆದರೆ ಗ್ರಂಥಿಯು ಕ್ಷಣಕ್ಷಣಕ್ಕೂ ಅಳೆದು ಕೆಲಸ ಮಾಡುತ್ತಿತ್ತು. ವೈದ್ಯನೋ ತಿಂಗಳಿಗೊಮ್ಮೆ ದೊರೆತ ಒಂದು ಸಂಖ್ಯೆಯನ್ನು ನೋಡಿ ಆಜ್ಞೆ ಮಾಡಬೇಕು. ತೊಡಕು ಇರುವುದು ಇಲ್ಲಿಯೇ.

ಅಳತೆಯ ಚರಿತ್ರೆ

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಮಾನವನೊಬ್ಬನಿಗೆ ಇನ್ಸುಲಿನ್ನನ್ನು ಮೊಟ್ಟಮೊದಲು ಚುಚ್ಚಿದರು. ಔಷಧವು ದೊರೆಯಿತು, ಆದರೆ ಅದನ್ನು ಎಷ್ಟು ಕೊಡಬೇಕೆಂದು ನಿರ್ಣಯಿಸುವ ಸುಲಭವಾದ ಅಳತೆಯು ಇರಲಿಲ್ಲ. ರೋಗಿಯ ಮೂತ್ರವನ್ನು ಬೆನೆಡಿಕ್ಟ್ ದ್ರಾವಣದಲ್ಲಿ ಕುದಿಸಿ ಬಣ್ಣವನ್ನು ನೋಡುವುದೇ ಆಗಿನ ವಾಡಿಕೆ: ನೀಲಿಯಿದ್ದರೆ ಸಕ್ಕರೆಯಿಲ್ಲ, ಇಟ್ಟಿಗೆಯ ಕೆಂಪಾದರೆ ಬಹಳ ಸಕ್ಕರೆ. ಆದರೆ ಸಾಮಾನ್ಯವಾಗಿ ರಕ್ತದ ಸಕ್ಕರೆಯು ಸುಮಾರು 180ನ್ನು ಮೀರಿದ ಮೇಲೆಯೇ ಮೂತ್ರಪಿಂಡಗಳು ಅದನ್ನು ಹೊರಕ್ಕೆ ಬಿಡುತ್ತವೆ. ಕೆರೆಯ ಕೋಡಿ ಬಿದ್ದ ಮೇಲೆ ನೀರಿನ ಮಟ್ಟವನ್ನು ತಿಳಿದಂತೆ, ಮೂತ್ರಪರೀಕ್ಷೆಯು ತುಂಬಿ ಹರಿದುದನ್ನು ಮಾತ್ರ ಹೇಳುತ್ತಿತ್ತು. ಸಕ್ಕರೆಯು ಇಳಿದುಹೋದುದನ್ನು ಹೇಳಲು ಅದಕ್ಕೆ ಶಕ್ಯವಿರಲಿಲ್ಲ.

1965ರಲ್ಲಿ ಒಂದು ಹನಿ ರಕ್ತದಿಂದ ಬಣ್ಣ ಬದಲಿಸುವ ಕಾಗದದ ಪಟ್ಟಿಯು ಬಳಕೆಗೆ ಬಂದಿತು. ಮುಂದೆ ಅಂಥ ಪಟ್ಟಿಯನ್ನು ಓದುವ ಚಿಕ್ಕ ಯಂತ್ರಗಳು ಬಂದವು. ಇಂದು ಹಳ್ಳಿಯ ಔಷಧದಂಗಡಿಯಲ್ಲಿಯೂ ದೊರೆಯುವ, ಬೆರಳನ್ನು ಚುಚ್ಚಿ ನೋಡುವ ಗ್ಲೂಕೋಮೀಟರು ಇವುಗಳ ವಂಶದ್ದು.

1968ರಲ್ಲಿ ಇರಾನ್ ದೇಶದ ವಿಜ್ಞಾನಿ ಸಾಮುಯೆಲ್ ರಹಬರ್ ಅವರು, ಮಧುಮೇಹಿಗಳ ರಕ್ತದಲ್ಲಿ ಒಂದು ವಿಶೇಷ ಬಗೆಯ ಹಿಮೋಗ್ಲೋಬಿನ್ ಅಧಿಕವಾಗಿರುವುದನ್ನು ಗುರುತಿಸಿದರು. ರಕ್ತದ ಕೆಂಪು ಕಣದಲ್ಲಿರುವ ಹಿಮೋಗ್ಲೋಬಿನ್ನಿಗೆ ಗ್ಲೂಕೋಸು ಮೆಲ್ಲಗೆ ಅಂಟಿಕೊಳ್ಳುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಅಂಟುವುದು ಹೆಚ್ಚು. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದುದರಿಂದ ಹೀಗೆ ಅಂಟಿಕೊಂಡ ಅಂಶವನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳುಗಳ ಸರಾಸರಿ ಸಕ್ಕರೆಯು ತಿಳಿಯುತ್ತದೆ. ಇದೇ ಇಂದು ವೈದ್ಯರು ಬರೆದುಕೊಡುವ ‘ಎಚ್‌ಬಿಎ1ಸಿ’ ಪರೀಕ್ಷೆ. ಇದು ಶೇಕಡ 7 ಇದ್ದರೆ ಸರಾಸರಿ ಸಕ್ಕರೆಯು ಸುಮಾರು 154 ಎಂದೂ, 8 ಇದ್ದರೆ 183 ಎಂದೂ ಲೆಕ್ಕವಿದೆ.

ಸರಾಸರಿಯನ್ನು ತಗ್ಗಿಸುವುದರಿಂದ ಆಗುವ ಲಾಭವು ಅಪಾರವೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಸಿದ್ಧ ಸಂಶೋಧನೆಯು ಸಿದ್ಧಪಡಿಸಿತು. 1,441 ರೋಗಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದಾಗ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣು, ಮೂತ್ರಪಿಂಡ, ನರಗಳ ಕೇಡು ಬಹುಮಟ್ಟಿಗೆ ತಗ್ಗಿತ್ತು. ಆದರೆ ಅದೇ ಸಂಶೋಧನೆಯು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತು: ಬಿಗಿಯಾದ ಚಿಕಿತ್ಸೆಯನ್ನು ಪಡೆದವರಲ್ಲಿ ಸಕ್ಕರೆಯು ವಿಪರೀತ ಇಳಿದು, ಇತರರ ನೆರವಿಲ್ಲದೆ ಚೇತರಿಸಿಕೊಳ್ಳಲಾಗದ ಪ್ರಸಂಗಗಳು ಸುಮಾರು ಮೂರರಷ್ಟು ಹೆಚ್ಚಾಗಿದ್ದವು. ಸರಾಸರಿಯೊಂದನ್ನೇ ಗುರಿಯಾಗಿಟ್ಟುಕೊಂಡು ಹೊರಟರೆ ಕೆಳಗಿನ ಕಂದಕವು ಕಣ್ಣಿಗೆ ಬೀಳುವುದಿಲ್ಲ.

ಸರಾಸರಿ ಒಂದೇ, ಸ್ಥಿತಿ ಬೇರೆ

ಈ ಮಾತನ್ನು ಒಂದು ಚಿಕ್ಕ ಲೆಕ್ಕದಿಂದ ಸ್ಪಷ್ಟಪಡಿಸಿಕೊಳ್ಳೋಣ. ‘ಕ’ ಮತ್ತು ‘ಖ’ ಎಂಬ ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳಿರಿ. ಬೆಳಗಿನ ಜಾವ 3 ಗಂಟೆ, ಬೆಳಗ್ಗೆ 7, 10, ಮಧ್ಯಾಹ್ನ 1, 3 ಮತ್ತು ರಾತ್ರಿ 10, ಹೀಗೆ ಆರು ವೇಳೆಗಳಲ್ಲಿ ಅವರ ರಕ್ತದ ಸಕ್ಕರೆಯು ಕ್ರಮವಾಗಿ ಇಂತಿದೆ:

‘ಕ’: 120, 140, 174, 150, 180, 160.
‘ಖ’: 55, 80, 220, 124, 280, 165.

ಎರಡು ಸಾಲುಗಳನ್ನೂ ಕೂಡಿಸಿದರೆ ಮೊತ್ತವು 924, ಸರಾಸರಿಯು 154. ತಿಂಗಳುಗಟ್ಟಲೆ ಇದೇ ರೀತಿ ನಡೆದರೆ ಇಬ್ಬರ ಎಚ್‌ಬಿಎ1ಸಿ ಕೂಡ ಶೇಕಡ 7ರ ಸಮೀಪದಲ್ಲಿಯೇ ಬಂದು, ವರದಿಯ ಮೇಲೆ ಇಬ್ಬರೂ ಸಮಾನರಾಗಿ ಕಾಣುತ್ತಾರೆ. ವಾಸ್ತವವಾಗಿ ‘ಕ’ನ ಸಕ್ಕರೆಯು ನೆಮ್ಮದಿಯಾಗಿದೆ. ‘ಖ’ನದು ಬೆಳಗಿನ ಜಾವ ಅಪಾಯದ ಅಂಚಿಗೆ ಇಳಿದು, ಊಟವಾದ ಮೇಲೆ ಆಕಾಶಕ್ಕೆ ಏರುತ್ತಿದೆ.

ಈ ವ್ಯತ್ಯಾಸವನ್ನು ಒಂದು ಸಂಖ್ಯೆಯಲ್ಲಿ ಹಿಡಿದಿಡುವ ಉಪಾಯವು ಸಂಖ್ಯಾಶಾಸ್ತ್ರದಲ್ಲಿದೆ. ಪ್ರತಿಯೊಂದು ಅಳತೆಯೂ ಸರಾಸರಿಯಿಂದ ಎಷ್ಟು ದೂರವಿದೆಯೆಂದು ಕಂಡುಹಿಡಿದು, ಆ ದೂರಗಳನ್ನು ವರ್ಗಮಾಡಿ, ಕೂಡಿಸಿ, ಅಳತೆಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲವನ್ನು ತೆಗೆಯಬೇಕು. ಇದೇ ಕಾಲೇಜಿನ ವಿದ್ಯಾರ್ಥಿಗಳಿಗೆ ಪರಿಚಿತವಾದ ಮಾನಕ ವಿಚಲನೆ. ‘ಕ’ನಿಗೆ ಇದು ಸುಮಾರು 20, ‘ಖ’ನಿಗೆ 78. ಇದನ್ನು ಸರಾಸರಿಯ ಶೇಕಡಾಂಶವಾಗಿ ಬರೆದರೆ ವಿಚಲನಾಂಕವು ದೊರೆಯುತ್ತದೆ: ‘ಕ’ನಿಗೆ ಶೇಕಡ 13, ‘ಖ’ನಿಗೆ ಶೇಕಡ 51. ಮಧುಮೇಹಿಗಳಲ್ಲಿ ಈ ಅಂಕವು 36ನ್ನು ಮೀರದಿದ್ದರೆ ಸಕ್ಕರೆಯು ಸ್ಥಿರವಾಗಿದೆ ಎಂದೂ, ಮೀರಿದರೆ ಅಸ್ಥಿರವಾಗಿದೆ ಎಂದೂ ತಜ್ಞರು ಒಪ್ಪಿದ್ದಾರೆ. ಓದುಗರು ಈ ಲೆಕ್ಕವನ್ನು ಸ್ವತಃ ಮಾಡಿ ನೋಡುವುದು ಒಳ್ಳೆಯದು.

ಈಗ ‘ಖ’ನಿಗೆ ಒದಗಬಹುದಾದ ವಿಪತ್ತನ್ನು ಗಮನಿಸೋಣ. ಆತನು ವಾಡಿಕೆಯಂತೆ ಆಸ್ಪತ್ರೆಗೆ ಹೋಗಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಮ್ಮೆ, ತಿಂದ ಮೇಲೆ ಒಮ್ಮೆ ರಕ್ತವನ್ನು ಕೊಡುತ್ತಾನೆ. ವರದಿಯಲ್ಲಿ 80 ಮತ್ತು 220 ಎಂದು ಬರುತ್ತದೆ. ‘ಬರಿಹೊಟ್ಟೆಯದು ಚೆನ್ನಾಗಿದೆ, ಊಟದ ನಂತರದ್ದು ಹೆಚ್ಚು’ ಎಂದು ಔಷಧವನ್ನು ಏರಿಸಿದರೆ, ಯಾರೂ ಅಳೆಯದ ಬೆಳಗಿನ ಜಾವದ 55 ಎಂಬುದು 45ಕ್ಕೋ 40ಕ್ಕೋ ಇಳಿಯಬಹುದು. ಮೆದುಳಿಗೆ ಗ್ಲೂಕೋಸೇ ಮುಖ್ಯ ಇಂಧನ. ಅದು ಕಡಿಮೆಯಾದಾಗ ಬೆವರು, ನಡುಕ, ಎದೆಬಡಿತ, ಹಸಿವು, ಮಂಕು ಕಾಣಿಸಿಕೊಳ್ಳುತ್ತವೆ. ಇನ್ನೂ ಇಳಿದರೆ ಪ್ರಜ್ಞೆ ತಪ್ಪುತ್ತದೆ. ನಿದ್ರೆಯಲ್ಲಿರುವವನಿಗೆ ಮೊದಲಿನ ಲಕ್ಷಣಗಳು ತಿಳಿಯದೆ ಹೋಗುವುದೂ ಉಂಟು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮೊದಲಾದ ಮಾತ್ರೆಗಳನ್ನು ನುಂಗುವವರಲ್ಲಿ, ಅದರಲ್ಲಿಯೂ ಒಂಟಿಯಾಗಿ ಮಲಗುವ ವೃದ್ಧರಲ್ಲಿ ಈ ಅಪಾಯವು ಹೆಚ್ಚು. ತಪ್ಪು ವೈದ್ಯನದಲ್ಲ, ಆತನ ಕೈಗೆ ಬಂದ ಎರಡು ಸಂಖ್ಯೆಗಳು ಸಾಲದಾದುವು.

ಎಷ್ಟು ಸಲ ಅಳೆದರೆ ಸಾಕು?

ಬದಲಾಗುತ್ತಿರುವ ಒಂದು ಪರಿಮಾಣವನ್ನು ತಿಳಿಯಲು ಎಷ್ಟು ಸಲ ಅಳೆಯಬೇಕೆಂಬುದು ಭೌತಶಾಸ್ತ್ರದ ಪ್ರಶ್ನೆ. ತಂತಿ ಸಮಾಚಾರದ ವಿಷಯದಲ್ಲಿ ಹ್ಯಾರಿ ನೈಕ್ವಿಸ್ಟ್ ಎಂಬ ಎಂಜಿನಿಯರು 1928ರಲ್ಲಿ ಹಾಕಿಕೊಟ್ಟ ತಳಹದಿಯ ಮೇಲೆ ಈಗ ಪ್ರಸಿದ್ಧವಾಗಿರುವ ನಿಯಮವು ಇಷ್ಟೆ: ಒಂದು ಅಲೆಯನ್ನು ಗುರುತಿಸಬೇಕಾದರೆ, ಅದು ಒಮ್ಮೆ ಏರಿ ಇಳಿಯುವ ಅವಧಿಯಲ್ಲಿ ಎರಡಕ್ಕಿಂತ ಹೆಚ್ಚು ಸಲ ಅಳೆಯಲೇಬೇಕು. ಅದಕ್ಕಿಂತ ಕಡಿಮೆ ಅಳೆದರೆ ಅಲೆಯು ಕಾಣದಿರುವುದಷ್ಟೇ ಅಲ್ಲ, ಇಲ್ಲದ ಬೇರೊಂದು ಅಲೆಯು ಇರುವಂತೆ ಭ್ರಮೆಯಾಗುತ್ತದೆ.

ಊಟದ ನಂತರದ ಏರಿಳಿತಕ್ಕೆ ಮೂರು ಗಂಟೆ ಹಿಡಿಯುವುದೆಂದು ಭಾವಿಸೋಣ. ಹಾಗಾದರೆ ಒಂದೂವರೆ ಗಂಟೆಗೂ ಕಡಿಮೆ ಅಂತರದಲ್ಲಿ, ರಾತ್ರಿಯೂ ಸೇರಿ, ದಿನಕ್ಕೆ ಹದಿನಾರು ಸಲಕ್ಕಿಂತ ಹೆಚ್ಚಾಗಿ ಬೆರಳನ್ನು ಚುಚ್ಚಿಕೊಳ್ಳಬೇಕು. ಇದನ್ನು ಯಾವ ಮನುಷ್ಯನೂ ಬಹುದಿನ ಸಹಿಸಲಾರನು. ಆದುದರಿಂದ ದೇಹದಲ್ಲಿಯೇ ನೆಲೆಸಿ, ನಿದ್ರೆಯಲ್ಲಿಯೂ ಎಚ್ಚರವಾಗಿದ್ದು ಅಳೆಯುವ ಉಪಕರಣವೊಂದು ಬೇಕಾಯಿತು.

ತೋಳಿನ ಮೇಲಿನ ಪ್ರಯೋಗಶಾಲೆ

ಇದರ ಬೀಜವನ್ನು ನೆಟ್ಟವರು ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಅವರು. ರಕ್ತದಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿದ್ಯುತ್ ಸಾಧನವನ್ನು ಅವರು 1956ರಲ್ಲಿ ಪ್ರಕಟಪಡಿಸಿದ್ದರು. 1962ರಲ್ಲಿ ಚಾಂಪ್ ಲಿಯಾನ್ಸ್ ಅವರೊಡಗೂಡಿ, ಅದೇ ಸಾಧನದ ಮೇಲೆ ಒಂದು ಕಿಣ್ವದ ಪದರವನ್ನು ಹೊದಿಸಿದರೆ ಗ್ಲೂಕೋಸನ್ನೂ ಅಳೆಯಬಹುದೆಂದು ತೋರಿಸಿಕೊಟ್ಟರು. ಆ ಕಿಣ್ವದ ಹೆಸರು ಗ್ಲೂಕೋಸ್ ಆಕ್ಸಿಡೇಸ್. ಇದನ್ನು ಆಸ್ಪರ್ಜಿಲಸ್ ಎಂಬ ಬೂಷ್ಟಿನಿಂದ ಪಡೆಯುತ್ತಾರೆ. ಬೀಗಕ್ಕೆ ತನ್ನದೇ ಬೀಗದ ಕೈ ಹೊಂದುವಂತೆ ಈ ಕಿಣ್ವವು ಬೇರೆ ವಸ್ತುಗಳನ್ನು ಬಿಟ್ಟು ಗ್ಲೂಕೋಸನ್ನೇ ಹಿಡಿಯುತ್ತದೆ. ಗ್ಲೂಕೋಸೂ ಆಮ್ಲಜನಕವೂ ಇದರ ಸನ್ನಿಧಿಯಲ್ಲಿ ಕೂಡಿ ಗ್ಲೂಕೋನಿಕ್ ಆಮ್ಲವಾಗಿಯೂ ಹೈಡ್ರೋಜನ್ ಪೆರಾಕ್ಸೈಡ್ ಆಗಿಯೂ ಮಾರ್ಪಡುತ್ತವೆ. ಆ ಪೆರಾಕ್ಸೈಡಿನ ಒಂದೊಂದು ಅಣುವೂ ವಿದ್ಯುದ್ವಾರದ ಮೇಲೆ ಒಡೆದು ಎರಡೆರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಗ್ಲೂಕೋಸು ಹೆಚ್ಚಿದ್ದರೆ ಎಲೆಕ್ಟ್ರಾನುಗಳು ಹೆಚ್ಚು, ಪ್ರವಾಹವೂ ಹೆಚ್ಚು. ಸಕ್ಕರೆಯ ಅಳತೆಯು ಹೀಗೆ ವಿದ್ಯುತ್ತಿನ ಅಳತೆಯಾಗಿ ಪರಿಣಮಿಸುತ್ತದೆ.

ಇಂದಿನ ಕೆಲವು ಉಪಕರಣಗಳಲ್ಲಿ ಪೆರಾಕ್ಸೈಡಿನ ನೆರವಿಲ್ಲದೆ, ಆಸ್ಮಿಯಂ ಲೋಹದ ಸಂಯುಕ್ತವೊಂದು ಎಲೆಕ್ಟ್ರಾನುಗಳನ್ನು ಕಿಣ್ವದಿಂದ ನೇರವಾಗಿ ವಿದ್ಯುದ್ವಾರಕ್ಕೆ ದಾಟಿಸುತ್ತದೆ. ಆಡಂ ಹೆಲ್ಲರ್ ಎಂಬ ವಿಜ್ಞಾನಿಯು ಈ ಮಾರ್ಗವನ್ನು ತೆರೆದರು.

ಈ ಪ್ರವಾಹವು ನ್ಯಾನೋಆಂಪಿಯರುಗಳ ಲೆಕ್ಕದ್ದು. ಒಂದು ನ್ಯಾನೋಆಂಪಿಯರ್ ಎಂದರೆ ಆಂಪಿಯರಿನ ನೂರು ಕೋಟಿಯಲ್ಲಿ ಒಂದು ಭಾಗ. ಕೈದೀಪದ ಚಿಕ್ಕ ಬಲ್ಬಿನಲ್ಲಿ 0.3 ಆಂಪಿಯರ್ ಹರಿದರೆ, ಅದು ಇದರ ಮೂವತ್ತು ಕೋಟಿಯಷ್ಟು. ಆದರೂ ಒಂದು ನ್ಯಾನೋಆಂಪಿಯರಿನಲ್ಲಿ ಸೆಕೆಂಡಿಗೆ ಸುಮಾರು 624 ಕೋಟಿ ಎಲೆಕ್ಟ್ರಾನುಗಳು ಹರಿಯುತ್ತವೆ. ಅಂದರೆ ಸೆಕೆಂಡಿಗೆ 312 ಕೋಟಿ ಗ್ಲೂಕೋಸ್ ಅಣುಗಳನ್ನು ಈ ಸೂಕ್ಷ್ಮ ತುದಿಯು ಎಣಿಸಿದಂತಾಯಿತು!

ದೇಹದಲ್ಲಿ ಎಡೆಬಿಡದೆ ಅಳೆಯುವ ಮೊದಲ ಉಪಕರಣಕ್ಕೆ ಅಮೆರಿಕದ ಸರ್ಕಾರವು 1999ರಲ್ಲಿ ಅನುಮತಿ ಕೊಟ್ಟಿತು. ಅದು ಮೂರು ದಿನ ಮಾತ್ರ ಕೆಲಸ ಮಾಡುತ್ತಿತ್ತು. ಫಲಿತಾಂಶವನ್ನು ಅನಂತರ ವೈದ್ಯರು ಓದಬೇಕಾಗಿತ್ತು. 2014ರಲ್ಲಿ ಯೂರೋಪಿನಲ್ಲಿ ಹದಿನಾಲ್ಕು ದಿನ ತೋಳಿನ ಮೇಲೆ ಅಂಟಿಕೊಂಡಿರುವ ಬಿಲ್ಲೆಯೊಂದು ಮಾರಾಟಕ್ಕೆ ಬಂತು. ವೈದ್ಯರ ಉಪಯೋಗಕ್ಕೆಂದು ಮಾಡಿದ ಅದರ ಇನ್ನೊಂದು ರೂಪವು 2015ರಲ್ಲಿ ಭಾರತಕ್ಕೆ ಬಂದಿತು. ಇದು ನಾಣ್ಯಕ್ಕಿಂತ ತುಸು ದೊಡ್ಡದು. ಇದರ ತಳದಿಂದ ಸುಮಾರು ಅರ್ಧ ಸೆಂಟಿಮೀಟರ್ ಉದ್ದದ, ಕೂದಲಿನಂಥ ಎಳೆಯೊಂದು ಚರ್ಮದ ಕೆಳಗೆ ಇಳಿದಿರುತ್ತದೆ. ವೈದ್ಯರ ಬಿಲ್ಲೆಯು ಹದಿನೈದು ನಿಮಿಷಕ್ಕೊಮ್ಮೆ ಒಂದು ಅಳತೆಯನ್ನು ಕೂಡಿಡುತ್ತದೆ: ದಿನಕ್ಕೆ 96, ಹದಿನಾಲ್ಕು ದಿನಕ್ಕೆ 1,344. ಐದು ನಿಮಿಷಕ್ಕೊಮ್ಮೆ, ಇನ್ನೂ ಕೆಲವು ನಿಮಿಷಕ್ಕೊಮ್ಮೆ ಅಳೆದು, ಮೊಬೈಲಿಗೆ ಸುದ್ದಿ ಕಳುಹಿಸಿ, ಸಕ್ಕರೆಯು ಇಳಿದರೆ ಸದ್ದುಮಾಡಿ ಎಬ್ಬಿಸುವ ಬಿಲ್ಲೆಗಳೂ ಈಗ ಇವೆ.

ಸಾವಿರ ಸಂಖ್ಯೆಗಳನ್ನು ಓದುವ ಬಗೆ

ಸಾವಿರಕ್ಕೂ ಮಿಕ್ಕ ಸಂಖ್ಯೆಗಳನ್ನು ಒಂದೊಂದಾಗಿ ನೋಡುತ್ತ ಕುಳಿತರೆ ಫಲವಿಲ್ಲ. ಹದಿನಾಲ್ಕು ದಿನಗಳ ರೇಖೆಗಳನ್ನೂ ಒಂದೇ ಇಪ್ಪತ್ತನಾಲ್ಕು ಗಂಟೆಗಳ ಹಾಳೆಯ ಮೇಲೆ ಒಂದರ ಮೇಲೊಂದು ಇಟ್ಟು ನೋಡುವುದು ರೂಢಿಯಲ್ಲಿರುವ ಕ್ರಮ. ನಡುವಿನ ದಪ್ಪ ಗೆರೆಯು ಆಯಾ ವೇಳೆಯ ಮಧ್ಯಮ ಮಟ್ಟವನ್ನು ತೋರಿಸುತ್ತದೆ; ಸುತ್ತಲಿನ ಛಾಯೆಯು ಆ ವೇಳೆಯಲ್ಲಿ ದಿನದಿಂದ ದಿನಕ್ಕೆ ಎಷ್ಟು ವ್ಯತ್ಯಾಸವಾಯಿತೆಂಬುದನ್ನು ತೋರಿಸುತ್ತದೆ. ಛಾಯೆಯು ಕಿರಿದಾಗಿ, ಗೆರೆಯು ಸಮತಟ್ಟಾಗಿ ಇದ್ದರೆ ಒಳ್ಳೆಯದು. ಬೆಳಗಿನ ಜಾವ ಛಾಯೆಯ ಕೆಳಗಿನ ಅಂಚು 70ಕ್ಕಿಂತ ಇಳಿದಿದ್ದರೆ ರಾತ್ರಿಯ ಔಷಧದ ಕಡೆಗೆ ಗಮನ ಹರಿಯಬೇಕು.

ಎರಡನೆಯ ಅಳತೆಯೆಂದರೆ ‘ಮಿತಿಯೊಳಗಿನ ಕಾಲ’. 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಇದಕ್ಕೆ ಗುರಿಗಳನ್ನು ಗೊತ್ತುಪಡಿಸಿದರು. ಬಹುಪಾಲು ಮಧುಮೇಹಿಗಳಲ್ಲಿ ಸಕ್ಕರೆಯು 70ರಿಂದ 180ರ ಒಳಗೆ ದಿನದ ಶೇಕಡ 70ಕ್ಕಿಂತ ಹೆಚ್ಚು ಕಾಲ, ಅಂದರೆ ಸುಮಾರು 17 ಗಂಟೆ, ಇರಬೇಕು. 180ನ್ನು ಮೀರಿದ ಕಾಲವು ಶೇಕಡ 25ಕ್ಕಿಂತ, ಅಂದರೆ 6 ಗಂಟೆಗಿಂತ, ಕಡಿಮೆಯಿರಬೇಕು. 70ಕ್ಕಿಂತ ಇಳಿದ ಕಾಲವು ಶೇಕಡ 4ಕ್ಕಿಂತ ಕಡಿಮೆ, ಎಂದರೆ ಒಂದು ಗಂಟೆಯೊಳಗೆ. 54ಕ್ಕಿಂತ ಇಳಿದ ಕಾಲವು ಶೇಕಡ 1ಕ್ಕಿಂತ ಕಡಿಮೆ, ಎಂದರೆ ಕಾಲು ಗಂಟೆಯೊಳಗೆ ಇರಬೇಕು. ಮೇಲಿನ ಮಿತಿಯನ್ನು ಮೀರಲು ಗಂಟೆಗಳ ರಿಯಾಯಿತಿಯಿದೆ. ಕೆಳಗಿನ ಮಿತಿಯನ್ನು ಮೀರಲು ನಿಮಿಷಗಳದು ಮಾತ್ರ. ಏರಿದ ಸಕ್ಕರೆಯು ಸಾಮಾನ್ಯವಾಗಿ ವರ್ಷಗಳಲ್ಲಿ ಕೆಡುಕು ಮಾಡುತ್ತದೆ, ಇಳಿದ ಸಕ್ಕರೆಯು ನಿಮಿಷಗಳಲ್ಲಿ ಮಾಡುತ್ತದೆ ಎಂಬುದೇ ಈ ತಾರತಮ್ಯಕ್ಕೆ ಕಾರಣ. ವೃದ್ಧರಿಗೂ ದುರ್ಬಲರಿಗೂ ಗುರಿಯು ಇನ್ನೂ ಬೇರೆ: ಮಿತಿಯೊಳಗೆ ಅರ್ಧ ದಿನಕ್ಕಿಂತ ಹೆಚ್ಚು ಕಾಲವಿದ್ದರೆ ಸಾಕು, ಆದರೆ 70ಕ್ಕಿಂತ ಕೆಳಗೆ ಶೇಕಡ 1ಕ್ಕಿಂತ ಕಡಿಮೆಯೇ ಇರಬೇಕು.

ಉಪಕರಣದ ಮಿತಿಗಳು

ಯಾವ ಅಳತೆಗೋಲೂ ಪರಿಪೂರ್ಣವಲ್ಲ. ಮೊದಲನೆಯದಾಗಿ, ಈ ಬಿಲ್ಲೆಯು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ಜೀವಕೋಶಗಳ ನಡುವಣ ದ್ರವವನ್ನು. ರಕ್ತದ ಸಕ್ಕರೆಯು ಅಲ್ಲಿಗೆ ಇಳಿದುಬರಲು ಐದರಿಂದ ಹತ್ತು ನಿಮಿಷ ಬೇಕು. ಕಾಲುವೆಯ ಮೇಲ್ತುದಿಯಲ್ಲಿ ತೂಬನ್ನು ತೆರೆದರೆ ಕೆಳಗಿನ ಹೊಲಕ್ಕೆ ನೀರು ತಡೆದು ಬರುವಂತೆ ಇದು. ಆದುದರಿಂದ ಸಕ್ಕರೆಯು ವೇಗವಾಗಿ ಇಳಿಯುತ್ತಿರುವಾಗ ಬಿಲ್ಲೆಯು ತೋರಿಸುವುದಕ್ಕಿಂತ ರಕ್ತದಲ್ಲಿ ಇನ್ನೂ ಕಡಿಮೆ ಇರಬಹುದು.

ಎರಡನೆಯದಾಗಿ, ಒಳ್ಳೆಯ ಬಿಲ್ಲೆಗಳಲ್ಲಿಯೂ ಪ್ರಯೋಗಶಾಲೆಯ ಅಳತೆಗೆ ಹೋಲಿಸಿದರೆ ಸರಾಸರಿ ಶೇಕಡ 10ರ ಆಸುಪಾಸಿನ ವ್ಯತ್ಯಾಸವಿರುತ್ತದೆ. ಮೊದಲ ದಿನ ಇದು ಇನ್ನೂ ಹೆಚ್ಚು. ಆದುದರಿಂದ 150 ಇದ್ದುದು 158 ಆಯಿತೆಂದು ಗಾಬರಿಯಾಗುವುದಕ್ಕೆ ಕಾರಣವಿಲ್ಲ. ರೇಖೆಯ ಆಕಾರವೇ ಮುಖ್ಯ. ಮೂರನೆಯದಾಗಿ, ಬಿಲ್ಲೆಯಿರುವ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ, ಒತ್ತಡದಿಂದ ದ್ರವದ ಸಂಚಾರ ಕುಗ್ಗಿ, ಇಲ್ಲದ ಇಳಿತವು ಇದ್ದಂತೆ ತೋರುತ್ತದೆ. ಕೆಲವು ಬಿಲ್ಲೆಗಳನ್ನು ಹೆಚ್ಚಿನ ಪ್ರಮಾಣದ ‘ಸಿ’ ಜೀವಸತ್ವವೂ, ಮತ್ತೆ ಕೆಲವನ್ನು ಪ್ಯಾರಾಸಿಟಮಾಲ್ ಮಾತ್ರೆಯೂ ದಾರಿತಪ್ಪಿಸುತ್ತವೆ. ಬಿಲ್ಲೆಯ ಸಂಖ್ಯೆಗೂ ದೇಹದ ಲಕ್ಷಣಕ್ಕೂ ಹೊಂದದಿದ್ದಾಗ ಬೆರಳನ್ನು ಚುಚ್ಚಿ ನೋಡುವುದೇ ಸರಿ.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ತೊಡಕೆಂದರೆ ಬಿಸಿಲು. ಕಲಬುರಗಿಯ ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದು ಸಾಮಾನ್ಯ. ಕಿಣ್ವವು ಒಂದು ಪ್ರೋಟೀನು. ಅತಿಯಾದ ಶಾಖದಿಂದ ಅದರ ಶಕ್ತಿಯು ಕುಂದುತ್ತದೆ. ಬಿಲ್ಲೆಯ ಪೆಟ್ಟಿಗೆಯನ್ನೂ ಗ್ಲೂಕೋಮೀಟರಿನ ಪಟ್ಟಿಗಳನ್ನೂ ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ತಗಡಿನ ಮಾಡಿನ ಕೆಳಗಾಗಲಿ ಇಡಕೂಡದು. ಹೊಲದಲ್ಲಿ ದುಡಿಯುವವನ ಬೆವರಿನಿಂದ ಅಂಟು ಬಿಟ್ಟುಕೊಳ್ಳುವುದೂ ಉಂಟು.

ಹಳ್ಳಿಯ ರೋಗಿಗೆ ಇದರಿಂದೇನು?

ಒಂದು ಬಿಲ್ಲೆಯ ಬೆಲೆಯು ಸಾವಿರಾರು ರೂಪಾಯಿ. ಹದಿನಾಲ್ಕು ದಿನಗಳ ನಂತರ ಅದನ್ನು ಎಸೆಯಬೇಕು. ಕೂಲಿಮಾಡಿ ಬದುಕುವವನಿಗೆ ಇದು ಒಂದು ವಾರದ ಅಥವಾ ಅದಕ್ಕೂ ಮೇಲಿನ ದುಡಿಮೆ. ವರ್ಷವಿಡೀ ಧರಿಸುವುದು ಆತನಿಂದ ಸಾಧ್ಯವಿಲ್ಲ. ಆದರೆ ಹದಿನಾಲ್ಕು ದಿನಗಳ ರೇಖೆಯು ಸಾಮಾನ್ಯವಾಗಿ ಮೂರು ತಿಂಗಳುಗಳ ಸ್ಥಿತಿಯನ್ನು ಚೆನ್ನಾಗಿಯೇ ಪ್ರತಿನಿಧಿಸುತ್ತದೆಂದು ಸಂಶೋಧನೆಗಳು ತೋರಿಸಿವೆ. ಆದುದರಿಂದ ಇನ್ಸುಲಿನ್ ಆರಂಭಿಸುವಾಗ, ಔಷಧವನ್ನು ಬದಲಿಸುವಾಗ, ಕಾರಣ ತಿಳಿಯದೆ ರಾತ್ರಿ ಬೆವರುವಾಗ, ಇಂಥ ಸಂದರ್ಭಗಳಲ್ಲಿ ಒಮ್ಮೆ ಧರಿಸಿದರೂ ಬಹಳ ತಿಳಿಯುತ್ತದೆ. ಮೇಲೆ ಹೇಳಿದ ‘ಖ’ನ ರೇಖೆಯನ್ನು ಕಂಡ ವೈದ್ಯನು ಔಷಧವನ್ನು ಏರಿಸುವ ಬದಲು, ರಾತ್ರಿಯದನ್ನು ಇಳಿಸಿ, ಮಧ್ಯಾಹ್ನದ ಊಟವನ್ನು ತಿದ್ದುವನು.

ಎಚ್‌ಬಿಎ1ಸಿ ಪರೀಕ್ಷೆಯೇ ತಪ್ಪು ದಾರಿ ತೋರಿಸುವ ಸಂದರ್ಭವೊಂದೂ ಉಂಟು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಕೊರತೆಯಿಂದ ಕೆಂಪು ಕಣಗಳ ಸರಾಸರಿ ವಯಸ್ಸು ಬದಲಾದಾಗ ಎಚ್‌ಬಿಎ1ಸಿ ನಿಜಕ್ಕಿಂತ ಹೆಚ್ಚಾಗಿ ತೋರಬಹುದು; ಕಣಗಳು ಬೇಗ ನಾಶವಾಗುವ ರೋಗಗಳಲ್ಲಿ ಕಡಿಮೆ ತೋರಬಹುದು. ಬಿಲ್ಲೆಯ ಅಳತೆಯು ಕೆಂಪು ಕಣಗಳ ಆಯುಸ್ಸನ್ನು ಅವಲಂಬಿಸಿಲ್ಲವಾದುದರಿಂದ ಇಂಥವರಲ್ಲಿ ಅದರ ಸಾಕ್ಷ್ಯವು ಹೆಚ್ಚು ನಂಬಿಕೆಗೆ ಅರ್ಹ.

ರೇಖೆಯು ಊಟದ ಪಾಠವನ್ನೂ ಕಲಿಸುತ್ತದೆ. ರೊಟ್ಟಿಯೊಡನೆ ತೊಗರಿಬೇಳೆ, ಪುಂಡಿಪಲ್ಯ, ಶೇಂಗಾಹಿಂಡಿಗಳನ್ನು ಕೂಡಿಸಿ ಉಂಡರೆ, ನಾರೂ ಪ್ರೋಟೀನೂ ಕೊಬ್ಬೂ ಜೀರ್ಣವನ್ನು ನಿಧಾನಗೊಳಿಸಿ ಏರಿಕೆಯನ್ನು ತಗ್ಗಿಸುತ್ತವೆ. ಹಬ್ಬದ ಹೋಳಿಗೆಯ ಬೆಲ್ಲವೂ ಕಣಕವೂ ಕೂಡಿ ರೇಖೆಯನ್ನು ಕಡಿದಾಗಿ ಏರಿಸುತ್ತವೆ. ಉಂಡ ಮೇಲೆ ಸ್ವಲ್ಪ ದೂರ ನಡೆದರೆ ಸ್ನಾಯುಗಳು ಸಕ್ಕರೆಯನ್ನು ಹೀರಿಕೊಂಡು ಶಿಖರವು ತಗ್ಗುತ್ತದೆ. ಶ್ರಾವಣ ಸೋಮವಾರದ ಉಪವಾಸವಾಗಲಿ ರಂಜಾನಿನ ರೋಜಾ ಆಗಲಿ, ಔಷಧವನ್ನು ಎಂದಿನಂತೆ ನುಂಗಿ ಅನ್ನವನ್ನು ಬಿಟ್ಟರೆ ಇಳಿತದ ಅಪಾಯವಿದೆ. ವ್ರತಕ್ಕೆ ಮೊದಲೇ ವೈದ್ಯರ ಸಲಹೆಯಂತೆ ಔಷಧವನ್ನು ಹೊಂದಿಸಿಕೊಳ್ಳಬೇಕು.

ಬಿಲ್ಲೆಯನ್ನು ಕೊಳ್ಳಲಾಗದವರೂ ನಿರಾಶರಾಗಬೇಕಾಗಿಲ್ಲ. ವೈದ್ಯರನ್ನು ಕಾಣುವುದಕ್ಕೆ ಮುಂಚೆ ಎರಡು ಮೂರು ದಿನ, ಮೂರು ಊಟಗಳ ಮೊದಲೂ ಎರಡು ಗಂಟೆಯ ನಂತರವೂ, ಮಲಗುವಾಗಲೂ, ಹೀಗೆ ಏಳು ಸಲ ಗ್ಲೂಕೋಮೀಟರಿನಿಂದ ಅಳೆದು, ವೇಳೆಯೊಡನೆ ಬರೆದಿಟ್ಟರೆ ಏರಿಳಿತದ ಸ್ಥೂಲ ಚಿತ್ರವು ದೊರೆಯುತ್ತದೆ. ಒಂದು ರಾತ್ರಿಯಾದರೂ 3 ಗಂಟೆಗೆ ಎದ್ದು ನೋಡುವುದು ಲೇಸು. 70ಕ್ಕಿಂತ ಕಡಿಮೆ ಇದ್ದು ಎಚ್ಚರವಾಗಿದ್ದರೆ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷಗಳ ನಂತರ ಮತ್ತೆ ಅಳೆಯಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕದೆ, ಒಡನೆಯೇ ಆಸ್ಪತ್ರೆಗೆ ಸಾಗಿಸಬೇಕು.

ಮನೆಯಲ್ಲಿ ಅಜ್ಜನಿಗೋ ಅತ್ತೆಗೋ ಈ ರೋಗವಿರುವ ವಿದ್ಯಾರ್ಥಿಗಳು ಇಲ್ಲಿ ಮಾಡಬಹುದಾದ ಕೆಲಸವೊಂದಿದೆ. ಒಂದು ಚೌಕುಳಿ ಹಾಳೆ, ಒಂದು ಪೆನ್ಸಿಲು ಇದ್ದರೆ ಸಾಕು. ಅಡ್ಡಗೆರೆಯ ಮೇಲೆ ವೇಳೆಯನ್ನೂ ನೆಟ್ಟಗೆರೆಯ ಮೇಲೆ ಸಕ್ಕರೆಯನ್ನೂ ಗುರುತಿಸಿ, 70ರಲ್ಲಿ ಒಂದು ಗೆರೆಯನ್ನು, 180ರಲ್ಲಿ ಇನ್ನೊಂದು ಗೆರೆಯನ್ನು ಎಳೆದು, ಬರೆದಿಟ್ಟ ಅಳತೆಗಳನ್ನು ಚುಕ್ಕೆಗಳಾಗಿ ಇಟ್ಟು ಕೂಡಿಸಿರಿ. ಔಷಧದ ಪ್ರಮಾಣವನ್ನು ನೀವು ಬದಲಿಸಕೂಡದು; ಅದು ವೈದ್ಯರ ಕೆಲಸ. ಆದರೆ ಎರಡು ಬಿಡಿ ಸಂಖ್ಯೆಗಳ ಚೀಟಿಗೆ ಬದಲಾಗಿ ಆ ಹಾಳೆಯು ವೈದ್ಯರ ಮೇಜನ್ನು ಸೇರಿದರೆ, ಅವರು ರೋಗಿಯ ಸರಾಸರಿಯನ್ನಲ್ಲದೆ ಆತನು ಕಳೆದ ಹಗಲನ್ನೂ ರಾತ್ರಿಯನ್ನೂ ನೋಡಬಲ್ಲರು.